ಅದೇ ಬಸ್ಸಾರು, ಅದೇ ಮುದ್ದೆ, ಬೇರೆ ಅಳತೆ: ತೂಕ ಇಳಿಸುವವರಿಗೆ ಸಸ್ಯಾಧಾರಿತ ಮನೆ ಅಡುಗೆ

ಭಾನುವಾರ ಬೆಳಿಗ್ಗೆ ಅಡುಗೆಮನೆಯ ಎಣ್ಣೆ ಬಾಟಲಿಯನ್ನು ತಕ್ಕಡಿಯ ಮೇಲಿಟ್ಟು ತೂಕ ಬರೆದುಕೊಳ್ಳಿ. ವಾರವಿಡೀ ಎಂದಿನಂತೆಯೇ ಅಡುಗೆ ಮಾಡಿ. ಮುಂದಿನ ಭಾನುವಾರ ಮತ್ತೆ ತೂಗಿ. ನಾಲ್ಕು ಜನರ ಮನೆಯಲ್ಲಿ ವಾರಕ್ಕೆ ಒಂದು ಲೀಟರ್ ಖಾಲಿಯಾಗಿದ್ದರೆ, ಅದು ಸುಮಾರು 910 ಗ್ರಾಂ. ಏಳು ದಿನಕ್ಕೂ ನಾಲ್ಕು ಜನಕ್ಕೂ ಹಂಚಿದರೆ ತಲಾ ದಿನಕ್ಕೆ 32 ಗ್ರಾಂ. ಎಣ್ಣೆ ಯಾವುದೇ ಇರಲಿ, ಗ್ರಾಮಿಗೆ 9 ಕ್ಯಾಲೊರಿ. ಅಂದರೆ ಎಣ್ಣೆಯೊಂದರಿಂದಲೇ ಪ್ರತಿಯೊಬ್ಬರಿಗೆ 290 ಕ್ಯಾಲೊರಿ. ಗಾಣದ ಎಣ್ಣೆ, ರಿಫೈನ್ಡ್ ಎಣ್ಣೆ, ಕೊಬ್ಬರಿ ಎಣ್ಣೆ ಎಂಬ ವ್ಯತ್ಯಾಸ ಇಲ್ಲಿ ಲೆಕ್ಕಕ್ಕೆ ಬರುವುದಿಲ್ಲ. ತೂಕ ಇಳಿಸುವ ಕೆಲಸ ಶುರುವಾಗಬೇಕಾದದ್ದು ಈ ಲೆಕ್ಕದಿಂದ. ಓಟ್ಸ್, ಕ್ವಿನೋವಾ ತಂದಿಡುವುದರಿಂದ ಅಲ್ಲ.

ನಮ್ಮ ಹುಳಿ, ಪಲ್ಯ, ಬಸ್ಸಾರು, ಕೋಸಂಬರಿ, ಮೊಳಕೆಕಾಳಿನ ಸಾರು ಎಲ್ಲವೂ ಈ ಕೆಲಸಕ್ಕೆ ಒದಗುವ ಅಡುಗೆಗಳೇ. ಬದಲಾಗಬೇಕಾದದ್ದು ನಾಲ್ಕು ಅಳತೆ: ಎಣ್ಣೆ ಮತ್ತು ಕಾಯಿ ಇಳಿಯಬೇಕು, ಕಾಳು ಮತ್ತು ತರಕಾರಿ ಏರಬೇಕು, ಅನ್ನ ಅಥವಾ ಮುದ್ದೆ ತೂಗಿ ಬಡಿಸಬೇಕು, ಚಹಾದ ಸಕ್ಕರೆ ಎಣಿಕೆಗೆ ಬರಬೇಕು. ಈ ಮಾರ್ಗದರ್ಶಿ ಹಾಲು, ಮೊಸರು, ತುಪ್ಪ ಇಲ್ಲದ ಅಡುಗೆಯನ್ನು ಮನಸ್ಸಿನಲ್ಲಿಟ್ಟು ಬರೆದದ್ದು. ಅವನ್ನು ಬಿಡದವರಿಗೂ ಇವೇ ಅಳತೆಗಳು ಒಗ್ಗುತ್ತವೆ.

ಶುರು ಮಾಡುವ ಮುನ್ನ

ಗುರಿ ಎಷ್ಟಿರಬೇಕು? ತೂಕವನ್ನು ಕಿಲೋದಲ್ಲಿ, ಎತ್ತರವನ್ನು ಮೀಟರಿನಲ್ಲಿ ತೆಗೆದುಕೊಳ್ಳಿ. ತೂಕವನ್ನು ಎತ್ತರದ ವರ್ಗದಿಂದ ಭಾಗಿಸಿ. 1.60 ಮೀಟರ್ ಎತ್ತರ, 72 ಕಿಲೋ ಇದ್ದರೆ 72 ಭಾಗಿಸು 2.56, ಅಂದರೆ 28. ಭಾರತೀಯರಿಗೆ 23 ದಾಟಿದರೆ ಹೆಚ್ಚು ತೂಕ, 25 ದಾಟಿದರೆ ಬೊಜ್ಜು ಎಂದು ವೈದ್ಯರು ಪರಿಗಣಿಸುತ್ತಾರೆ. ಸೊಂಟದ ಸುತ್ತಳತೆಯನ್ನೂ ಟೇಪಿನಿಂದ ಅಳೆಯಿರಿ: ಗಂಡಸರಿಗೆ 90 ಸೆಂ.ಮೀ., ಹೆಂಗಸರಿಗೆ 80 ಸೆಂ.ಮೀ. ಗಡಿ. 28ರಿಂದ ಒಮ್ಮೆಲೇ 23ಕ್ಕೆ ಗುರಿ ಇಡಬೇಡಿ. ಮೊದಲ ಗುರಿ ಈಗಿನ ತೂಕದ ನೂರಕ್ಕೆ ಐದರಷ್ಟು ಇರಲಿ. 72 ಕಿಲೋದವರಿಗೆ ಮೂರೂವರೆ ಕಿಲೋ. ಅಷ್ಟು ಇಳಿದರೂ ರಕ್ತದೊತ್ತಡ, ಸಕ್ಕರೆ ಸುಧಾರಿಸುವ ಸಾಧ್ಯತೆ ಇದೆ. ವಾರಕ್ಕೆ ಕಾಲು ಕಿಲೋದಿಂದ ಅರ್ಧ ಕಿಲೋ ಇಳಿದರೆ ಸಾಕು. ಹಾಗೆಂದರೆ ಎರಡರಿಂದ ಮೂರೂವರೆ ತಿಂಗಳ ಕೆಲಸ.

ಮಧುಮೇಹಕ್ಕೆ ಇನ್ಸುಲಿನ್ ಅಥವಾ ಮಾತ್ರೆ ತೆಗೆದುಕೊಳ್ಳುವವರು ಅನ್ನ-ಮುದ್ದೆ ಕಡಿಮೆ ಮಾಡುವ ಮುನ್ನ ವೈದ್ಯರಿಗೆ ಹೇಳಲೇಬೇಕು; ಊಟ ಇಳಿದು ಔಷಧ ಹಾಗೇ ಉಳಿದರೆ ಸಕ್ಕರೆ ಅಪಾಯದ ಮಟ್ಟಕ್ಕೆ ಕುಸಿಯಬಹುದು. ಮೂತ್ರಪಿಂಡದ ತೊಂದರೆ ಇರುವವರು ಕಾಳು-ಬೇಳೆ ಹೆಚ್ಚಿಸುವ ಮುನ್ನ ಕೇಳಬೇಕು. ರಕ್ತ ತೆಳುವಾಗಿಸುವ ಮಾತ್ರೆ ನುಂಗುವವರು ಸೊಪ್ಪಿನ ಪ್ರಮಾಣವನ್ನು ಏಕಾಏಕಿ ಬದಲಿಸಬಾರದು. ಬಸಿರಿ, ಬಾಣಂತಿ, ಬೆಳೆಯುವ ಮಕ್ಕಳಿಗೆ ಇದು ಹೇಳಿದ್ದಲ್ಲ. ಯಾರೇ ಆಗಲಿ, ದಿನಕ್ಕೆ 1200 ಕ್ಯಾಲೊರಿಗಿಂತ ಕೆಳಗೆ ಸ್ವಂತ ನಿರ್ಧಾರದಿಂದ ಇಳಿಯಬೇಡಿ.

ಬೇಕಾದ ಸಾಮಾನು ಕಡಿಮೆ. ಒಂದು ಗ್ರಾಂ ತೋರಿಸುವ ಡಿಜಿಟಲ್ ತಕ್ಕಡಿ, 5 ಮಿ.ಲೀ.ನ ಟೀ ಚಮಚ, ಚಿಕ್ಕ ಕಬ್ಬಿಣದ ಒಗ್ಗರಣೆ ಸೌಟು, ದಪ್ಪ ತಳದ ಬಾಣಲೆ, ಮುಚ್ಚಳವಿರುವ ಡಬ್ಬಗಳು. ಎಣ್ಣೆಯನ್ನು ಬಾಟಲಿಯಿಂದ ನೇರ ಬಗ್ಗಿಸುವುದನ್ನು ಇವತ್ತೇ ನಿಲ್ಲಿಸಿ. ಬಗ್ಗಿಸುವ ಕೈಗೆ ಒಂದು ಚಮಚಕ್ಕೂ ಮೂರು ಚಮಚಕ್ಕೂ ವ್ಯತ್ಯಾಸ ತಿಳಿಯುವುದಿಲ್ಲ.

ಕ್ಯಾಲೊರಿ ಎಲ್ಲಿದೆ

ಈ ಅಂಕಿಗಳನ್ನು ಬರೆದು ಒಲೆಯ ಹತ್ತಿರ ಅಂಟಿಸಿ. ಎಲ್ಲವೂ ಅಂದಾಜು, ದಿನನಿತ್ಯದ ಬಳಕೆಗೆ ಸಾಕಷ್ಟು ನಿಖರ.

- ಎಣ್ಣೆ, ಒಂದು ಟೀ ಚಮಚ: 40
- ಹಸಿ ಕಾಯಿತುರಿ, 20 ಗ್ರಾಂ: 70
- ಒಣ ಕೊಬ್ಬರಿ, 20 ಗ್ರಾಂ: 130
- ಕಡಲೆಕಾಯಿ ಬೀಜ, 20 ಗ್ರಾಂ: 113
- ಬೆಲ್ಲ, 10 ಗ್ರಾಂ: 38
- ಅಕ್ಕಿ, ಬೇಯಿಸುವ ಮುನ್ನ 50 ಗ್ರಾಂ: 175
- ರಾಗಿ ಹಿಟ್ಟು, 50 ಗ್ರಾಂ: 165
- ತೊಗರಿಬೇಳೆ, ಹೆಸರುಕಾಳು, ಹುರುಳಿಕಾಳು, ಯಾವುದೇ ಆದರೂ 40 ಗ್ರಾಂ: 135
- ಸೋರೆ, ಹೀರೆ, ಪಡವಲ, ಬೂದುಗುಂಬಳ, 200 ಗ್ರಾಂ: 30ರಿಂದ 40

ಕೊನೆಯ ಸಾಲನ್ನೂ ಮೊದಲ ಸಾಲನ್ನೂ ಒಟ್ಟಿಗೆ ಓದಿ. ಒಂದು ಬಟ್ಟಲು ತುಂಬಿದ ಹೀರೇಕಾಯಿ ಪಲ್ಯಕ್ಕೂ ಒಂದು ಚಮಚ ಎಣ್ಣೆಗೂ ಒಂದೇ ಬೆಲೆ.

ಎರಡು ತಪ್ಪು ನಂಬಿಕೆಗಳನ್ನು ಇಲ್ಲಿಯೇ ಬಿಡಿಸಬೇಕು. ಬೆಲ್ಲದಲ್ಲಿ ಸಕ್ಕರೆಗಿಂತ ಕ್ಯಾಲೊರಿ ಕಡಿಮೆ ಎಂಬುದು ಒಂದು. ಎರಡೂ ಹತ್ತಿರ ಹತ್ತಿರ ಒಂದೇ. ಸಿರಿಧಾನ್ಯ ತಿಂದರೆ ತೂಕ ತಾನಾಗಿ ಇಳಿಯುತ್ತದೆ ಎಂಬುದು ಇನ್ನೊಂದು. ನವಣೆ, ಸಾಮೆ, ಹಾರಕದಲ್ಲಿ ಅಕ್ಕಿಯಷ್ಟೇ ಕ್ಯಾಲೊರಿ ಇದೆ. ಅವುಗಳ ಲಾಭ ನಾರಿನಲ್ಲಿದೆ. ಪಾಲಿಶ್ ಮಾಡದ ನವಣೆ ಹೊಟ್ಟೆಯಲ್ಲಿ ಹೆಚ್ಚು ಹೊತ್ತು ನಿಲ್ಲುತ್ತದೆ. ಆದರೆ ತಟ್ಟೆ ತುಂಬ ನವಣೆ ಅನ್ನ ಉಂಡರೆ ತಟ್ಟೆ ತುಂಬ ಅನ್ನ ಉಂಡ ಹಾಗೆಯೇ.

ಒಬ್ಬರ ಒಂದು ಊಟದ ಅಳತೆ

ಎಲ್ಲವನ್ನೂ ಹಸಿಯಾಗಿ, ಒಣದಾಗಿ ತೂಗಿ. ಬೆಂದ ಮೇಲೆ ನೀರು ಸೇರಿ ಲೆಕ್ಕ ತಪ್ಪುತ್ತದೆ.

ತರಕಾರಿ ಮತ್ತು ಸೊಪ್ಪು 225 ಗ್ರಾಂ, ಕಾಳು ಅಥವಾ ಬೇಳೆ 40 ಗ್ರಾಂ, ಅಕ್ಕಿ ಅಥವಾ ರಾಗಿ ಅಥವಾ ಜೋಳದ ಹಿಟ್ಟು 50 ಗ್ರಾಂ, ಎಣ್ಣೆ ಒಂದು ಟೀ ಚಮಚ, ಕಾಯಿ 10 ಗ್ರಾಂ. ಇದು ಸುಮಾರು 430 ಕ್ಯಾಲೊರಿ, 16 ಗ್ರಾಂ ಪ್ರೋಟೀನ್. ಇಂಥ ಎರಡು ಊಟ, 300ರ ಒಂದು ತಿಂಡಿ, ಸಂಜೆಗೆ ಸ್ವಲ್ಪ ಕಾಳು, ಒಂದೆರಡು ಹಣ್ಣು ಎಂದರೆ 1400 ಆಗುತ್ತದೆ. ದೈಹಿಕ ಕೆಲಸ ಹೆಚ್ಚಿರುವವರು, ಎತ್ತರದ ಗಂಡಸರು ಧಾನ್ಯವನ್ನು 75 ಗ್ರಾಮಿಗೆ ಏರಿಸಿಕೊಳ್ಳಬೇಕು. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಹೊರತಂದ ಮಾರ್ಗಸೂಚಿಯ ತಟ್ಟೆಯಲ್ಲಿ, 2000 ಕ್ಯಾಲೊರಿಯ ದಿನಕ್ಕೆ ತರಕಾರಿ 400 ಗ್ರಾಂ, ಧಾನ್ಯ 250 ಗ್ರಾಂ, ಬೇಳೆಕಾಳು 85 ಗ್ರಾಂ, ಎಣ್ಣೆ 27 ಗ್ರಾಂ ಇದೆ. ನಾವು ಹೇಳುತ್ತಿರುವ ಅಳತೆ ಅದರಲ್ಲಿ ಧಾನ್ಯ ಮತ್ತು ಎಣ್ಣೆಯನ್ನು ಇಳಿಸಿ, ತರಕಾರಿ ಮತ್ತು ಕಾಳನ್ನು ಉಳಿಸಿಕೊಂಡದ್ದು.

50 ಗ್ರಾಂ ಅಕ್ಕಿ ಬೆಂದರೆ 150 ಗ್ರಾಂ ಅನ್ನವಾಗುತ್ತದೆ. ಸೋನಾ ಮಸೂರಿಗೂ ಕುಚಲಕ್ಕಿಗೂ ಸ್ವಲ್ಪ ವ್ಯತ್ಯಾಸವಿರುತ್ತದೆ. ಆದ್ದರಿಂದ ಒಂದು ದಿನ 200 ಗ್ರಾಂ ಅಕ್ಕಿ ಬೇಯಿಸಿ, ಪಾತ್ರೆಯ ತೂಕ ಕಳೆದು ಅನ್ನವನ್ನು ತೂಗಿ, ನಾಲ್ಕರಿಂದ ಭಾಗಿಸಿ. ಆ ತೂಕದ ಅನ್ನ ನಿಮ್ಮ ಮನೆಯ ಯಾವ ಬಟ್ಟಲಿಗೆ ಸರಿಯಾಗಿ ಹಿಡಿಯುತ್ತದೆಂದು ನೋಡಿ ಆ ಬಟ್ಟಲನ್ನು ಅನ್ನಕ್ಕೆಂದೇ ಮೀಸಲಿಡಿ. ಆಮೇಲೆ ತಕ್ಕಡಿ ಬೇಕಾಗುವುದಿಲ್ಲ.

ಬಡಿಸುವ ಕ್ರಮವೂ ಕೆಲಸ ಮಾಡುತ್ತದೆ. ಕೋಸಂಬರಿ, ಪಲ್ಯ ಮೊದಲು ಮುಗಿಸಿ, ಆಮೇಲೆ ಸಾರು-ಮುದ್ದೆ. ಅನ್ನವನ್ನೇ ಮೊದಲು ಬಡಿಸಿಕೊಂಡರೆ ಪಲ್ಯ ನಂಜಿಕೊಳ್ಳುವ ಪದಾರ್ಥವಾಗಿಬಿಡುತ್ತದೆ, 225 ಗ್ರಾಂ ಎಂದೂ ಹೊಟ್ಟೆಗೆ ಹೋಗುವುದಿಲ್ಲ.

ವಾರದ ಕಾಳು

ಸಂಜೆ ಏಳು ಗಂಟೆಗೆ ಮನೆಗೆ ಬಂದು ಕಾಳು ನೆನೆಸಲು ಆಗುವುದಿಲ್ಲ. ಬೇಯಿಸಿದ ಕಾಳು ಡಬ್ಬದಲ್ಲಿ ಸಿದ್ಧವಿಲ್ಲದ ದಿನವೇ ಅನ್ನ ಹೆಚ್ಚಾಗುವ ದಿನ. ಅದಕ್ಕೆ ಶನಿವಾರ ರಾತ್ರಿ ಮೂರು ಪಾತ್ರೆಯಲ್ಲಿ ಮೂರು ಕಾಳು ನೆನೆಸಿಡಿ.

ಹೆಸರುಕಾಳು ಎಂಟು ಗಂಟೆ ನೆನೆದರೆ ಸಾಕು. ಆಮೇಲೆ ನೀರು ಬಸಿದು, ಹಿಂಡಿದ ಹತ್ತಿ ಬಟ್ಟೆಯಲ್ಲಿ ಸಡಿಲವಾಗಿ ಕಟ್ಟಿ, ತೂತಿನ ಪಾತ್ರೆಯಲ್ಲಿಡಿ. ಬೇಸಿಗೆಯಲ್ಲಿ 12 ಗಂಟೆಗೆ ಮೊಳಕೆ ಬರುತ್ತದೆ, ಚಳಿಗಾಲದಲ್ಲಿ 24 ಗಂಟೆ ಬೇಕು. ಲೋಳೆ ಬಂದು ವಾಸನೆ ಹಿಡಿದರೆ ಬಟ್ಟೆ ತೀರ ಒದ್ದೆಯಾಗಿತ್ತು ಅಥವಾ ಗಾಳಿ ಆಡಲಿಲ್ಲ ಎಂದರ್ಥ. ಅಂಥದ್ದನ್ನು ತೊಳೆದು ಬಳಸಬೇಡಿ, ಚೆಲ್ಲಿ. ಮಳೆಗಾಲದಲ್ಲಿ ಇದು ಬೇಗ ಆಗುತ್ತದೆ. ಮೊಳಕೆಯನ್ನು ಹಸಿಯಾಗಿ ತಿನ್ನುವುದಕ್ಕಿಂತ ಐದು ನಿಮಿಷ ಹಬೆಯಲ್ಲಿ ಬೇಯಿಸುವುದು ಒಳ್ಳೆಯದು. ಮೊಳಕೆ ಬರುವ ಬೆಚ್ಚಗಿನ ತೇವದಲ್ಲಿ ಬ್ಯಾಕ್ಟೀರಿಯಾ ಕೂಡ ಬೆಳೆಯುತ್ತದೆ.

ಕಡಲೆಕಾಳು ಹತ್ತು ಗಂಟೆ ನೆನೆದು ಕುಕ್ಕರಿನಲ್ಲಿ ಐದಾರು ಕೂಗು. ಹುರುಳಿಕಾಳಿಗೂ ಹೆಚ್ಚುಕಡಿಮೆ ಅಷ್ಟೇ. ಅದರಲ್ಲಿ ಕಲ್ಲು ಹೆಚ್ಚು, ಆರಿಸಿ ಗಾಳಿಸಿ ನೆನೆಸಿ. ಅಲಸಂದೆಗೆ ಎರಡು ಮೂರು ಕೂಗು ಸಾಕು. ರಾಜ್ಮಾ ಮಾತ್ರ ಎಚ್ಚರಿಕೆಯಿಂದ ಮಾಡಬೇಕು: ನೆನೆಸಿದ ನೀರು ಚೆಲ್ಲಿ, ಹೊಸ ನೀರಿನಲ್ಲಿ ಕನಿಷ್ಠ ಹತ್ತು ನಿಮಿಷ ಕುದಿಸಿ ಪೂರ್ತಿ ಬೇಯಿಸಿ. ಅರೆಬೆಂದ ರಾಜ್ಮಾದಲ್ಲಿ ವಾಂತಿ-ಭೇದಿ ತರುವ ವಸ್ತು ಉಳಿದಿರುತ್ತದೆ.

ಬೆಂದದ್ದನ್ನು ಬಸಿದು, ಒಬ್ಬರ ಪಾಲಿಗೆ 90 ಗ್ರಾಮಿನಂತೆ ಡಬ್ಬ ಮಾಡಿ. ಒಣ ಕಾಳು 40 ಗ್ರಾಂ ಬೆಂದರೆ ಹತ್ತಿರ ಹತ್ತಿರ ಅಷ್ಟಾಗುತ್ತದೆ. ಫ್ರಿಜ್ಜಿನಲ್ಲಿ ಮೂರು ದಿನ, ಫ್ರೀಜರಿನಲ್ಲಿ ಒಂದು ತಿಂಗಳು. ಹುರುಳಿ ಬೆಂದ ಕಟ್ಟನ್ನು ಚೆಲ್ಲಬೇಡಿ, ಅದು ಸಾರಿಗೆ.

ಕಾಳು ಹೆಚ್ಚಿಸಿದ ಮೊದಲ ವಾರ ಹೊಟ್ಟೆ ಉಬ್ಬರಿಸುತ್ತದೆ. ಇಲ್ಲೇ ಬಹಳ ಜನ ಕೈಬಿಡುತ್ತಾರೆ. ಮೊದಲ ವಾರ ಹೆಸರುಬೇಳೆ, ಹೆಸರುಕಾಳು. ಎರಡನೆಯ ವಾರ ಅಲಸಂದೆ. ಕಡಲೆ, ಹುರುಳಿ ಮೂರನೆಯ ವಾರದಿಂದ, ಹೀಗೆ ಏರಿಸಿ. ನೆನೆಸಿದ ನೀರು ಚೆಲ್ಲಿ. ಇಂಗು, ಶುಂಠಿ, ಜೀರಿಗೆ ಹಾಕಿ. ನಾರು ಏರಿದಾಗ ನೀರು ಕುಡಿಯುವುದೂ ಏರಬೇಕು, ಇಲ್ಲವಾದರೆ ಮಲಬದ್ಧತೆ ಬರುತ್ತದೆ.

ಬಸ್ಸಾರು, ಸೊಪ್ಪಿನ ಪಲ್ಯ, ಮುದ್ದೆ: ನಾಲ್ಕು ಜನರಿಗೆ

ಹಳೇ ಮೈಸೂರು ಸೀಮೆಯ ಈ ಊಟವನ್ನು ಪೂರ್ತಿ ವಿವರಿಸುವುದಕ್ಕೆ ಕಾರಣವಿದೆ. ಒಂದೇ ಪಾತ್ರೆಯಲ್ಲಿ ಬೆಂದ ಸೊಪ್ಪು-ಬೇಳೆಯಿಂದ ಸಾರೂ ಪಲ್ಯವೂ ಆಗುತ್ತದೆ, ಬೇಯಿಸಿದ ನೀರು ಚರಂಡಿಗೆ ಹೋಗುವುದಿಲ್ಲ, ಮುದ್ದೆಗೆ ಎಣ್ಣೆಯೇ ಬೇಡ.

ತೊಗರಿಬೇಳೆ 160 ಗ್ರಾಂ, ಬಿಡಿಸಿದ ಸೊಪ್ಪು 600 ಗ್ರಾಂ. ದಂಟು, ಕೀರೆ, ಸಬ್ಬಸಿಗೆ ಬೆರಕೆ ಚೆನ್ನಾಗಿರುತ್ತದೆ. ಸಬ್ಬಸಿಗೆ ಕಾಲು ಭಾಗ ಮೀರಿದರೆ ಉಳಿದ ರುಚಿಯನ್ನೆಲ್ಲ ನುಂಗುತ್ತದೆ. ಬೇಳೆಯನ್ನು ಅರ್ಧ ಗಂಟೆ ನೆನೆಸಿ. ಒಂದೂವರೆ ಲೀಟರ್ ನೀರು ಕುದಿಸಿ, ಬೇಳೆ ಹಾಕಿ, ಚಿಟಿಕೆ ಅರಿಶಿನದೊಂದಿಗೆ ತೆರೆದ ಪಾತ್ರೆಯಲ್ಲಿ ಬೇಯಿಸಿ. ಕುಕ್ಕರ್ ಬೇಡ. ಬೆರಳಲ್ಲಿ ಒತ್ತಿದರೆ ಬೇಳೆ ಒಡೆಯಬೇಕು, ಕರಗಬಾರದು. ಕರಗಿತೋ, ಕಟ್ಟು ಗಂಜಿಯಂತಾಗುತ್ತದೆ, ಪಲ್ಯ ಮುದ್ದೆಯಾಗುತ್ತದೆ. ಈಗ ಹೆಚ್ಚಿದ ಸೊಪ್ಪು ಹಾಕಿ, ಮುಚ್ಚದೆ ಐದಾರು ನಿಮಿಷ ಬೇಯಿಸಿ, ಜರಡಿಗೆ ಬಸಿಯಿರಿ. ಉಪ್ಪನ್ನು ಬಸಿದ ಮೇಲೆ ಹಾಕಿ. ಮೊದಲೇ ಹಾಕಿದರೆ ಹೆಚ್ಚಿನದೆಲ್ಲ ಕಟ್ಟಿಗೆ ಹೋಗಿ, ಪಲ್ಯಕ್ಕೆ ಮತ್ತೆ ಹಾಕಿ, ಒಟ್ಟು ಉಪ್ಪು ಎರಡರಷ್ಟಾಗುತ್ತದೆ.

ಖಾರಕ್ಕೆ: ದೊಡ್ಡ ಈರುಳ್ಳಿ ಒಂದು, ಬೆಳ್ಳುಳ್ಳಿ ಎಂಟು ಎಸಳು, ಎರಡನ್ನೂ ಒಂದು ಟೀ ಚಮಚ ಎಣ್ಣೆಯಲ್ಲಿ ಕಂದುವವರೆಗೆ ಹುರಿಯಿರಿ. ಜೀರಿಗೆ ಒಂದು ಚಮಚ, ಮೆಣಸು ಅರ್ಧ ಚಮಚ, ಸಾರಿನ ಪುಡಿ ಐದು ಚಮಚ, ಗೋಲಿ ಗಾತ್ರದ ಹುಣಸೆಹಣ್ಣು, ಕಾಯಿತುರಿ 30 ಗ್ರಾಂ. ಇವುಗಳ ಜೊತೆ ಬೆಂದ ಬೇಳೆ-ಸೊಪ್ಪು ಎರಡು ಹಿಡಿ ಹಾಕಿ ನುಣ್ಣಗೆ ರುಬ್ಬಿ. ಕಾಯಿ ಕಡಿಮೆ ಮಾಡಿದಾಗ ಸಾರು ನೀರಾಗುವುದೇ ಎಲ್ಲರ ದೂರು. ಆ ಎರಡು ಹಿಡಿ ಬೇಳೆಯೇ ಅದಕ್ಕೆ ಉತ್ತರ. ರುಬ್ಬಿದ್ದನ್ನು ಕಟ್ಟಿಗೆ ಬೆರೆಸಿ, ಹಸಿ ವಾಸನೆ ಹೋಗುವವರೆಗೆ ಎಂಟು ಹತ್ತು ನಿಮಿಷ ಕುದಿಸಿ. ಒಂದು ಚಮಚ ಎಣ್ಣೆಯಲ್ಲಿ ಸಾಸಿವೆ, ಕರಿಬೇವು, ಇಂಗಿನ ಒಗ್ಗರಣೆ.

ಪಲ್ಯಕ್ಕೆ ಎರಡು ಚಮಚ ಎಣ್ಣೆ, ಸಾಸಿವೆ, ಒಣಮೆಣಸಿನಕಾಯಿ, ಜಜ್ಜಿದ ಬೆಳ್ಳುಳ್ಳಿ, ಈರುಳ್ಳಿ. ಬಸಿದ ಸೊಪ್ಪು-ಬೇಳೆ ಹಾಕಿ ನೀರು ಆರುವವರೆಗೆ ಕೈಯಾಡಿಸಿ, 15 ಗ್ರಾಂ ಕಾಯಿ ಉದುರಿಸಿ ಇಳಿಸಿ.

ಮುದ್ದೆಗೆ ರಾಗಿ ಹಿಟ್ಟು 200 ಗ್ರಾಂ, ನೀರು 500ರಿಂದ 550 ಮಿ.ಲೀ. ಹಿಟ್ಟಿನಲ್ಲಿ ಒಂದು ದೊಡ್ಡ ಚಮಚ ತೆಗೆದು ತಣ್ಣೀರಲ್ಲಿ ಕದಡಿ, ಕುದಿಯುವ ನೀರಿಗೆ ಹಾಕಿ. ನೀರು ಗಂಜಿಯಂತೆ ಉಕ್ಕಿ ಬರುವಾಗ ಉಳಿದ ಹಿಟ್ಟನ್ನು ನಡುವೆ ಗುಡ್ಡೆಯಾಗಿ ಸುರಿಯಿರಿ, ಕಲಕಬೇಡಿ. ಕೋಲಿನಿಂದ ನಡುವೆ ತೂತು ಮಾಡಿ, ಸಣ್ಣ ಉರಿಯಲ್ಲಿ ಐದಾರು ನಿಮಿಷ ಬೇಯಲು ಬಿಡಿ. ಇಳಿಸಿ, ಪಾತ್ರೆಯನ್ನು ಭದ್ರವಾಗಿ ಹಿಡಿದು ಕೋಲಿನಿಂದ ಗಂಟಿಲ್ಲದಂತೆ ತಿರುವಿ. ಬಿಸಿನೀರು ಚಿಮುಕಿಸಿ ಮತ್ತೆ ಎರಡು ನಿಮಿಷ ಹಬೆ ಕೊಟ್ಟು, ಒದ್ದೆ ಕೈಯಲ್ಲಿ ನಾಲ್ಕು ಮುದ್ದೆ ಕಟ್ಟಿ. ಒಂದೊಂದೂ 160 ಗ್ರಾಂ ಆಸುಪಾಸು, ಮೋಸಂಬಿ ಗಾತ್ರ. ಮುರಿದಾಗ ಒಳಗೆ ಬಿಳಿ ಹಿಟ್ಟು ಕಂಡರೆ ಬೇಗ ತಿರುವಿದ್ದೀರಿ. ಕೈಗೆ ಅಂಟಿದರೆ ಇನ್ನೂ ಬೇಯಬೇಕು.

ಒಬ್ಬರಿಗೆ ಈ ಊಟ 450 ಕ್ಯಾಲೊರಿ. ಹೊಟ್ಟೆ ಮಾತ್ರ ಸಂಜೆಯವರೆಗೂ ಕೇಳುವುದಿಲ್ಲ.

ಕಡಿಮೆ ಎಣ್ಣೆಯ ಪಲ್ಯ ಯಾಕೆ ಕೆಡುತ್ತದೆ

ಅಗಲ ಬಾಣಲೆಗೆ ಒಂದು ಚಮಚ ಎಣ್ಣೆ ಹಾಕಿದರೆ ಅದು ತಳಕ್ಕೆಲ್ಲ ಹರಡಿ ಪದರವಾಗುತ್ತದೆ. ಸಾಸಿವೆ ಅದರಲ್ಲಿ ಮುಳುಗುವುದಿಲ್ಲ, ಸಿಡಿಯುವ ಬದಲು ಸೀಯುತ್ತದೆ, ಕಹಿಯಾಗುತ್ತದೆ. ಆಗ ಕೈ ತಾನಾಗಿ ಬಾಟಲಿಯ ಕಡೆ ಹೋಗುತ್ತದೆ. ಒಗ್ಗರಣೆ ಸೌಟಿನಲ್ಲಿ ಅದೇ ಒಂದು ಚಮಚ ಎಣ್ಣೆ ಗುಂಡಿಯಲ್ಲಿ ನಿಲ್ಲುತ್ತದೆ, ಸಾಸಿವೆ ಸರಿಯಾಗಿ ಸಿಡಿಯುತ್ತದೆ, ಘಮ ಪೂರ್ತಿ ಎಣ್ಣೆಗೆ ಇಳಿಯುತ್ತದೆ. ಆದ್ದರಿಂದ ತರಕಾರಿಯನ್ನು ಬಾಣಲೆಯಲ್ಲಿ ಬೇಯಿಸಿ, ಒಗ್ಗರಣೆಯನ್ನು ಸೌಟಿನಲ್ಲಿ ಮಾಡಿ ಕೊನೆಗೆ ಸುರಿಯಿರಿ. ನಮ್ಮ ದೃಷ್ಟಿಯಲ್ಲಿ ಈ ಇಡೀ ಬರಹದಲ್ಲಿ ಅತಿ ಹೆಚ್ಚು ಉಪಯೋಗಕ್ಕೆ ಬರುವ ಮಾತು ಇದು.

ಹುರುಳಿಕಾಯಿ, ಕೋಸು, ಕ್ಯಾರೆಟ್, ಗೋರಿಕಾಯಿ ಅರ್ಧ ಕಿಲೋ ಇದ್ದರೆ ಉಪ್ಪು ಬೆರೆಸಿ, ಕಾಲು ಲೋಟ ನೀರು ಚಿಮುಕಿಸಿ, ಬಾಣಲೆಯ ಮೇಲೆ ತಟ್ಟೆ ಮುಚ್ಚಿ, ತಟ್ಟೆಯಲ್ಲಿ ನೀರು ನಿಲ್ಲಿಸಿ. ಮೇಲಿನ ನೀರು ತಟ್ಟೆಯನ್ನು ತಂಪಾಗಿಡುವುದರಿಂದ ಒಳಗಿನ ಹಬೆ ಹನಿಯಾಗಿ ತರಕಾರಿಯ ಮೇಲೇ ಬೀಳುತ್ತದೆ, ತಳ ಹಿಡಿಯುವುದಿಲ್ಲ. ಹೀರೆ, ಸೋರೆ, ಪಡವಲಕ್ಕೆ ನೀರೇ ಬೇಡ. ಉಪ್ಪು ಬಿದ್ದೊಡನೆ ತಾವೇ ನೀರು ಬಿಡುತ್ತವೆ.

ಬೆಂಡೆಕಾಯಿಗೆ ಇದರ ತದ್ವಿರುದ್ಧ ಕ್ರಮ. ತೊಳೆದು ಬಟ್ಟೆಯಲ್ಲಿ ಒರೆಸಿ ಪೂರ್ತಿ ಒಣಗಿದ ಮೇಲೆ ಹೆಚ್ಚಿ. ಮುಚ್ಚಬೇಡಿ. ಕಬ್ಬಿಣದ ಬಾಣಲೆ ಚೆನ್ನಾಗಿ ಕಾದ ಮೇಲೆ ಎರಡು ಚಮಚ ಎಣ್ಣೆ ಹಾಕಿ, ಒಂದೇ ಪದರವಾಗಿ ಹರಡಿ. ಲೋಳೆ ಆರಿದ ಮೇಲೆ ಹುಣಸೆ ರಸ, ಕೊನೆಗೆ ಉಪ್ಪು. ಬದನೆಕಾಯಿ ಸ್ಪಂಜಿನ ಹಾಗೆ ಎಣ್ಣೆ ಹೀರುತ್ತದೆ, ಹಾಗಾಗಿ ಎಣ್ಣೆಗಾಯಿ ಈ ತಿಂಗಳುಗಳಲ್ಲಿ ಬೇಡ; ಉರಿಯಲ್ಲಿ ಸುಟ್ಟು ಗೊಜ್ಜು ಮಾಡಿ.

ಊರಿಗೊಂದು ಅಡುಗೆ, ಊರಿಗೊಂದು ಎಚ್ಚರ

ಉತ್ತರ ಕರ್ನಾಟಕದ ತಟ್ಟೆಯಲ್ಲಿ ಜೋಳದ ರೊಟ್ಟಿಗೆ ಎಣ್ಣೆ ಇಲ್ಲ, ಮಡಕಿಕಾಳು ಇದೆ, ಪುಂಡಿಪಲ್ಯ ಇದೆ, ಹಸಿ ಸೌತೆ-ಮೂಲಂಗಿ-ಮೆಂತ್ಯ ಸೊಪ್ಪು ಪಕ್ಕದಲ್ಲೇ ಇರುತ್ತವೆ. ಇಲ್ಲಿ ಲೆಕ್ಕ ತಪ್ಪುವುದು ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ ಮತ್ತು ಅದರ ಮೇಲೆ ಹಾಕಿಕೊಳ್ಳುವ ಹಸಿ ಎಣ್ಣೆಯಲ್ಲಿ. ಚಟ್ನಿಪುಡಿ ಎರಡು ಟೀ ಚಮಚಕ್ಕೆ ನಿಲ್ಲಲಿ, ಕಲಸಲು ಎಣ್ಣೆಯ ಬದಲು ನಿಂಬೆರಸ. 50 ಗ್ರಾಂ ಹಿಟ್ಟಿಗೆ ಒಂದೇ ರೊಟ್ಟಿ ಬಡಿಯದೆ 25 ಗ್ರಾಮಿನ ಎರಡು ತೆಳು ರೊಟ್ಟಿ ಬಡಿದರೆ ಊಟ ಉಂಡ ಹಾಗೆ ಅನ್ನಿಸುತ್ತದೆ. ಜುಣಕಕ್ಕೆ ಎಣ್ಣೆ ಬಹಳ ಬೇಕು, ವಾರಕ್ಕೊಮ್ಮೆ ಸಾಕು.

ಕರಾವಳಿಯಲ್ಲಿ ಎಲ್ಲ ಲೆಕ್ಕವೂ ಕಾಯಿಯದೇ. ನಾಲ್ವರ ಹುಳಿಗೋ ಗಸಿಗೋ ಒಂದು ಹೋಳು ಕಾಯಿ ರುಬ್ಬಿದರೆ ಅದರಿಂದಲೇ ತಲಾ 130 ಕ್ಯಾಲೊರಿ ದಾಟಬಹುದು. ಒಮ್ಮೆಲೇ ನಿಲ್ಲಿಸಿದರೆ ಯಾರಿಗೂ ಊಟ ಸೇರುವುದಿಲ್ಲ. ಮೊದಲ ವಾರ 100 ಗ್ರಾಂ, ಎರಡನೆಯ ವಾರ 70, ಆಮೇಲೆ 40ಕ್ಕೆ ನಿಲ್ಲಿಸಿ. ಕಡಿಮೆಯಾದ ಕಾಯಿಯ ಜಾಗಕ್ಕೆ ಬೆಂದ ಬೇಳೆ ಅಥವಾ ಹುರಿದ ಕೊತ್ತಂಬರಿ ಬೀಜ ರುಬ್ಬಿ. ಕಾಯಿಯನ್ನು ಒಣಗಿಯೇ ಹುರಿದರೆ ಅರ್ಧದಷ್ಟು ಕಾಯಿಗೆ ಪೂರ್ತಿ ಪರಿಮಳ ಬರುತ್ತದೆ.

ತಿಂಡಿ

ಉಪ್ಪಿಟ್ಟು ಮಾಡುವವರು ನಾಲ್ವರಿಗೆ ರವೆ 160 ಗ್ರಾಂ, ತರಕಾರಿ 400 ಗ್ರಾಂ, ಎಣ್ಣೆ ನಾಲ್ಕು ಟೀ ಚಮಚ ಇಟ್ಟುಕೊಳ್ಳಿ. ರವೆಯನ್ನು ಎಣ್ಣೆ ಇಲ್ಲದೆ ಹುರಿಯಿರಿ. ರವೆಯ ಅಳತೆಗೆ ಮೂರರಷ್ಟು ನೀರು. ಜೊತೆಗೆ ಒಂದು ಬಟ್ಟಲು ಹಬೆಯಾಡಿಸಿದ ಮೊಳಕೆ ಇಲ್ಲದಿದ್ದರೆ ಹನ್ನೊಂದು ಗಂಟೆಗೆ ಹಸಿವಾಗುತ್ತದೆ.

ಇದಕ್ಕಿಂತ ಒಳ್ಳೆಯದು ಹೆಸರುಕಾಳಿನ ದೋಸೆ. ಕಾಳು 200 ಗ್ರಾಂ, ಅಕ್ಕಿ 30 ಗ್ರಾಂ ರಾತ್ರಿ ನೆನೆಸಿ, ಬೆಳಿಗ್ಗೆ ಶುಂಠಿ, ಹಸಿಮೆಣಸಿನಕಾಯಿ, ಜೀರಿಗೆ, ಉಪ್ಪಿನೊಂದಿಗೆ ರುಬ್ಬಿ. ಹುಳಿ ಬರಿಸುವ ಅಗತ್ಯವಿಲ್ಲ. ಎಂಟು ದೋಸೆ ಬರುತ್ತವೆ. ಕಾಲು ಚಮಚ ಎಣ್ಣೆಯಲ್ಲಿ ಹುಯ್ದರೆ ಒಂದಕ್ಕೆ ಸುಮಾರು 107 ಕ್ಯಾಲೊರಿ, 6 ಗ್ರಾಂ ಪ್ರೋಟೀನ್. ಕಾವಲಿಗೆ ಅಂಟಿದರೆ ಅರ್ಧ ಈರುಳ್ಳಿಯನ್ನು ಎಣ್ಣೆಯಲ್ಲಿ ಅದ್ದಿ ಉಜ್ಜಿ. ಹಿಟ್ಟು ನೀರಾಗಿದ್ದರೆ ಒಡೆಯುತ್ತದೆ. ಒಂದು ಚಮಚ ಅಕ್ಕಿಹಿಟ್ಟು ಸೇರಿಸಿ. ಕಾಯಿ ಚಟ್ನಿಯ ಬದಲು ಟೊಮೆಟೊ-ಈರುಳ್ಳಿ ಚಟ್ನಿ, ಹೀರೇಕಾಯಿ ಸಿಪ್ಪೆಯ ಚಟ್ನಿ.

ಪ್ರೋಟೀನ್, ಬಿ12 ಮತ್ತು ಮೊಸರಿನ ಜಾಗ

ಊಟ ಇಳಿಸಿದಾಗ ಕೊಬ್ಬಿನೊಂದಿಗೆ ಮಾಂಸಖಂಡವೂ ಕರಗುತ್ತದೆ. ಅದನ್ನು ತಡೆಯಲು ಗುರಿಯ ತೂಕದ ಪ್ರತಿ ಕಿಲೋಗೆ ದಿನಕ್ಕೆ ಒಂದು ಗ್ರಾಮಿಗೆ ಕಡಿಮೆಯಾಗದಂತೆ ಪ್ರೋಟೀನ್ ಬೇಕು. 60 ಕಿಲೋದ ಗುರಿಯವರಿಗೆ 60 ಗ್ರಾಂ. ಎರಡು ಹೆಸರುಕಾಳಿನ ದೋಸೆ 12, ಎರಡು ಊಟ 32, ಸಂಜೆ 25 ಗ್ರಾಂ ಹುರಿಗಡಲೆ 5, ಒಟ್ಟು 49. ಉಳಿದದ್ದಕ್ಕೆ 25 ಗ್ರಾಂ ಸೋಯಾ ಚಂಕ್ಸ್ ಸಾಕು, 13 ಗ್ರಾಂ ಕೊಡುತ್ತದೆ. ಬಿಸಿನೀರಲ್ಲಿ ಹತ್ತು ನಿಮಿಷ ನೆನೆಸಿ, ಎರಡು ಸಲ ತೊಳೆದು ಗಟ್ಟಿಯಾಗಿ ಹಿಂಡಿದರೆ ವಾಸನೆ ಹೋಗುತ್ತದೆ. ಹುಳಿಗೆ ಬೇಳೆಯೊಂದಿಗೇ ಹಾಕಬಹುದು. ವಾರಕ್ಕೆ ಎರಡು ಮೂರು ದಿನ ಕೈಕಾಲಿಗೆ ಭಾರ ಎತ್ತುವ ವ್ಯಾಯಾಮವೂ ಇರಲಿ.

ಸಸ್ಯಗಳಿಂದ ವಿಟಮಿನ್ ಬಿ12 ಸಿಗುವುದಿಲ್ಲ. ಹಾಲು-ಮೊಸರನ್ನೂ ಬಿಟ್ಟವರು ವೈದ್ಯರನ್ನು ಕೇಳಿ ಮಾತ್ರೆ ತೆಗೆದುಕೊಳ್ಳಲೇಬೇಕು. ಕೊರತೆ ನಿಧಾನವಾಗಿ ಬರುತ್ತದೆ. ಕೈಕಾಲು ಜೋಮು, ಸುಸ್ತು, ಮರೆವು ಕಾಣುವ ಹೊತ್ತಿಗೆ ನರಗಳಿಗೆ ಹಾನಿಯಾಗಿರಬಹುದು. ಸುಣ್ಣದಂಶಕ್ಕೆ ರಾಗಿ ದೊಡ್ಡ ಆಸರೆ, 100 ಗ್ರಾಂ ಹಿಟ್ಟಿನಲ್ಲಿ ಸುಮಾರು 350 ಮಿ.ಗ್ರಾಂ. ಕಬ್ಬಿಣದಂಶ ದೇಹಕ್ಕೆ ಹತ್ತಲು ಸೊಪ್ಪು-ಕಾಳಿನ ಊಟದಲ್ಲಿ ನಿಂಬೆಹಣ್ಣು, ಮಾವಿನಕಾಯಿ, ನೆಲ್ಲಿಕಾಯಿ ಯಾವುದಾದರೊಂದು ಇರಲಿ. ಕಾಫಿ-ಚಹಾ ಊಟಕ್ಕೆ ಒಂದು ಗಂಟೆ ಹಿಂದೆ ಮುಂದೆ ಇರಲಿ, ಅವು ಕಬ್ಬಿಣವನ್ನು ತಡೆಯುತ್ತವೆ. ಎರಡೆರಡು ಚಮಚ ಸಕ್ಕರೆಯ ಮೂರು ಲೋಟ ಚಹಾದಲ್ಲಿ ಸಕ್ಕರೆಯದೇ 95 ಕ್ಯಾಲೊರಿ. ವಾರಕ್ಕೆ ಅರ್ಧ ಚಮಚದಂತೆ ಇಳಿಸಿದರೆ ನಾಲಿಗೆಗೆ ಗೊತ್ತಾಗುವುದಿಲ್ಲ.

ಕೊನೆಗೊಂದು ತುತ್ತು ಮೊಸರನ್ನ ಇಲ್ಲದೆ ಊಟ ಮುಗಿಯಿತು ಅನ್ನಿಸದವರು ಬಹಳ. ಸಕ್ಕರೆ ಹಾಕದ ಸೋಯಾ ಹಾಲಿನಿಂದ ಹೆಪ್ಪು ಹಾಕಬಹುದು. ಅರ್ಧ ಲೀಟರ್ ಹಾಲನ್ನು ಉಗುರುಬೆಚ್ಚಗೆ ಮಾಡಿ, ಮೊದಲ ಸಲಕ್ಕೆ ತೊಳೆದ ಹಸಿಮೆಣಸಿನಕಾಯಿಯ ಎಂಟು ಹತ್ತು ತೊಟ್ಟು ಮುಳುಗಿಸಿ, ಬೆಚ್ಚನೆಯ ಜಾಗದಲ್ಲಿ ಹತ್ತು ಹನ್ನೆರಡು ಗಂಟೆ ಇಡಿ. ಮೊದಲ ಹೆಪ್ಪು ತೆಳುವಾಗಿ ಬರುತ್ತದೆ. ಅದರಲ್ಲಿ ಒಂದು ಚಮಚ ತೆಗೆದು ಹಾಕಿದ ಎರಡನೆಯದು ಗಟ್ಟಿಯಾಗುತ್ತದೆ. ಹಾಲಿನ ಮೊಸರಿನ ರುಚಿ ಇದಕ್ಕಿಲ್ಲ. ಒಗ್ಗರಣೆ, ಶುಂಠಿ, ಕೊತ್ತಂಬರಿ ಸೊಪ್ಪು ಬಿದ್ದರೆ ಅನ್ನಕ್ಕೆ ಚೆನ್ನಾಗಿ ಹೊಂದುತ್ತದೆ.

ಒಂದೇ ಒಲೆ, ಒಂದೇ ಪಾತ್ರೆ

ತೂಕ ಇಳಿಸುವವರಿಗೆ ಬೇರೆ, ಮನೆಯವರಿಗೆ ಬೇರೆ ಅಡುಗೆ ಮಾಡಬೇಡಿ. ಎರಡು ಅಡುಗೆಯ ದುಡಿತ ಸಾಮಾನ್ಯವಾಗಿ ಮನೆಯ ಹೆಂಗಸರ ಮೇಲೇ ಬೀಳುತ್ತದೆ, ಹದಿನೈದು ದಿನಕ್ಕೆ ನಿಲ್ಲುತ್ತದೆ. ಎಲ್ಲರಿಗೂ ಕಡಿಮೆ ಎಣ್ಣೆಯಲ್ಲೇ ಮಾಡಿ. ಮಕ್ಕಳಿಗೆ, ಕೃಶವಾದ ಹಿರಿಯರಿಗೆ ತಟ್ಟೆಯಲ್ಲಿ ಮೇಲಿನಿಂದ ಎಣ್ಣೆ, ಕಡಲೆಕಾಯಿ ಚಟ್ನಿ, ಹೆಚ್ಚು ಅನ್ನ ಬಡಿಸಿ. ಹಬ್ಬದ ದಿನ ಹೋಳಿಗೆ ಬಿಡಬೇಕಾಗಿಲ್ಲ. ಒಂದು ಹೋಳಿಗೆ, ಕೋಸಂಬರಿ, ಎರಡು ಪಲ್ಯ, ಸಾರು ಉಂಡು ಆ ಹೊತ್ತಿನ ಅನ್ನ ಬಿಡಿ. ರಾತ್ರಿ ಉಪವಾಸ ಮಾಡಬೇಡಿ, ಮರುದಿನ ಅದರ ಎರಡರಷ್ಟು ತಿನ್ನುವಂತಾಗುತ್ತದೆ.

ತೂಕ ನಿಂತಾಗ

ಬೆಳಿಗ್ಗೆ ಎದ್ದು ಶೌಚ ಮುಗಿಸಿ, ತಿನ್ನುವ ಮುನ್ನ ತೂಕ ನೋಡಿ ಬರೆದಿಡಿ. ವಾರದ ಸರಾಸರಿಯನ್ನು ಹಿಂದಿನ ವಾರದ ಸರಾಸರಿಯೊಂದಿಗೆ ಹೋಲಿಸಿ. ಮೊದಲ ವಾರ ಬೇಗ ಇಳಿಯುವುದರಲ್ಲಿ ಬಹುಪಾಲು ನೀರು. ಉಪ್ಪಿನಕಾಯಿ, ಹಪ್ಪಳ ತಿಂದ ಮರುದಿನ, ಮುಟ್ಟಿಗೆ ಮುಂಚಿನ ದಿನಗಳಲ್ಲಿ ಒಂದು ಕಿಲೋವರೆಗೆ ಏರುವುದೂ ನೀರೇ.

ಮೂರು ವಾರದ ಸರಾಸರಿ ಅಲುಗಾಡದಿದ್ದರೆ ಅನ್ನಕ್ಕೆ ಕೈ ಹಾಕಬೇಡಿ. ಮೊದಲು ಎಣ್ಣೆ ಬಾಟಲಿಯನ್ನು ಮತ್ತೆ ವಾರ ತೂಗಿ. ನಾಲ್ವರ ಮನೆಗೆ ವಾರಕ್ಕೆ 420 ಗ್ರಾಂ ಒಳಗಿರಬೇಕು, ಅಂದರೆ ತಲಾ ದಿನಕ್ಕೆ 15 ಗ್ರಾಂ. ಆಮೇಲೆ ಕಾಯಿ, ಆಮೇಲೆ ಸಂಜೆಯ ಕುರುಕಲು, ಅಡುಗೆ ಮಾಡುವಾಗ ರುಚಿ ನೋಡುವ ಹೆಸರಿನಲ್ಲಿ ಬಾಯಿಗೆ ಹೋಗುವುದು, ಮಕ್ಕಳ ತಟ್ಟೆಯಲ್ಲಿ ಉಳಿದದ್ದು. ಇವೆಲ್ಲ ಸರಿಯಿದ್ದೂ ತೂಕ ನಿಂತಿದ್ದರೆ ದೇಹ ಹಗುರಾಗಿ ಅದರ ಅಗತ್ಯವೇ ಇಳಿದಿದೆ. ಆಗ ದಿನದ ಧಾನ್ಯದಲ್ಲಿ 20 ಗ್ರಾಂ ಕಡಿಮೆ ಮಾಡಿ ಇಲ್ಲವೇ ಅರ್ಧ ಗಂಟೆ ಹೆಚ್ಚು ನಡೆಯಿರಿ. ನಡೆಯುವುದೇ ಮೇಲು.

ಮೊದಲ ಗುರಿ ಮುಟ್ಟಿದ ಮೇಲೆ ಒಂದು ತಿಂಗಳು ಅಲ್ಲೇ ನಿಲ್ಲಿ. ದಿನಕ್ಕೆ 25 ಗ್ರಾಂ ರಾಗಿ ಅಥವಾ ಅಕ್ಕಿ ಮರಳಿ ಸೇರಿಸಿ, ಹದಿನೈದು ದಿನ ತೂಕ ನೋಡಿ. ಏರದಿದ್ದರೆ ಒಂದು ಹಿಡಿ ಕಡಲೆಕಾಯಿ ಬೀಜ ಸೇರಿಸಿ ಮತ್ತೆ ಹದಿನೈದು ದಿನ ನೋಡಿ. ತೂಕ ಕದಲದೆ ನಿಲ್ಲುವ ಅಳತೆ ಸಿಕ್ಕಿದ ಮೇಲೆ ಎರಡನೆಯ ಗುರಿಗೆ ಹೊರಡಿ. ಎಣ್ಣೆ ಬಾಟಲಿಯನ್ನು ಮಾತ್ರ ತಿಂಗಳಿಗೊಮ್ಮೆ, ಮೊದಲ ಭಾನುವಾರ, ತೂಗುತ್ತಲೇ ಇರಿ.